ಎಲೆಗೆ ಚೀಟಿ, ಹೂವಿಗೆ ಠಾಣೆ

ಕ್ಯಾಲಿಫೋರ್ನಿಯಾದ ಮಗನ ಮನೆಯಲ್ಲಿ ಆರು ತಿಂಗಳಿದ್ದು ಬಂದ ಪಕ್ಕದ ಬೀದಿಯ ಅಜ್ಜಿಯೊಬ್ಬರು ಮೊನ್ನೆ ಸಂಜೆ ಎನ್.ಆರ್. ಕಾಲೋನಿಯ ಪಾರ್ಕಿನಲ್ಲಿ ನನ್ನನ್ನು ಹಿಡಿದು ಕೂರಿಸಿದರು. "ನೀನು ಪೇಪರಿಗೆ ಬರೆಯೋನು, ನಿಂಗೆ ಗೊತ್ತಿರುತ್ತೆ ಕಣಪ್ಪ. ಅಲ್ಲಿ ಮಂಡಿನೋವಿಗೆ ಅಂತ ಸೊಸೆ ಒಂದು ಮಿಠಾಯಿ ಕೊಡ್ತಿದ್ಲು. ಜೆಲ್ಲಿ ಥರ. ಅರ್ಧ ತಿಂದ್ರೆ ರಾತ್ರಿ ಪೂರ್ತಿ ನಿದ್ದೆ. ಬರೋವಾಗ ಮಗ ಡಬ್ಬಿ ತರೋಕೇ ಬಿಡ್ಲಿಲ್ಲ. ಗಾಂಧಿ ಬಜಾರಲ್ಲಿ ಸಿಗಲ್ವಾ ಅದು?"

ಆ ಮಿಠಾಯಿಯೊಳಗೆ ಏನಿತ್ತೆಂದು ಹೇಗಪ್ಪಾ ಹೇಳುವುದು ಎಂದು ನಾನು ತಡವರಿಸುತ್ತಿದ್ದೆ. ಅವರೇ ನಕ್ಕರು. "ಗೊತ್ತು ಬಿಡೋ, ಭಂಗಿಸೊಪ್ಪು ತಾನೆ? ನಮ್ಮ ತಾತ ಹೊಟ್ಟೆ ಕೆಟ್ಟೋರಿಗೆ ಜಾತೀಫಲಾದಿ ಚೂರ್ಣ ಕೊಡ್ತಿದ್ರು. ಅದಕ್ಕೂ ಬೀಳ್ತಿತ್ತು."

ಅವರ ಮಾತು ಸರಿ. ಜಾಜಿಕಾಯಿಯ ಹೆಸರು ಹೊತ್ತ ಆ ಚೂರ್ಣದಲ್ಲಿ ಭಂಗಿಯೂ ಒಂದು ಮುಖ್ಯ ದ್ರವ್ಯ. ಆಯುರ್ವೇದದಲ್ಲಿ ಅದಕ್ಕೆ ವಿಜಯಾ ಎಂದು ಹೆಸರು. ಎಲೆಯನ್ನು ನೀರು ತಿಳಿಯಾಗುವವರೆಗೆ ತೊಳೆದು ಹಿಂಡಿ, ಒಣಗಿಸಿ, ತುಪ್ಪದಲ್ಲಿ ಹುರಿದು ಶುದ್ಧಿ ಮಾಡಿಕೊಂಡೇ ಬಳಸಬೇಕೆಂಬ ಕ್ರಮವೂ ಇದೆ. ಹಾಗಾದರೆ ತಾತ ಕೊಡುತ್ತಿದ್ದದ್ದು ಔಷಧ, ಮೊಮ್ಮಗ ತಂದರೆ ಮೊಕದ್ದಮೆ, ಇದು ಹೇಗೆ? ಈ ಪ್ರಶ್ನೆ ಅಜ್ಜಿಯೊಬ್ಬರದೇ ಅಲ್ಲ. ನಮ್ಮ ಬೀದಿಗಳಲ್ಲಿ ಮನೆ ಬಿಟ್ಟು ಮನೆಗೆ ಒಬ್ಬರು ಸಾನ್‌ಹೋಸೆಯಲ್ಲೋ ಸಿಯಾಟಲ್‌ನಲ್ಲೋ ಇದ್ದಾರೆ. ಅಪ್ಪ ಅಮ್ಮ ಅರ್ಧ ವರ್ಷ ಅಲ್ಲಿ, ಅರ್ಧ ವರ್ಷ ಇಲ್ಲಿ. ಇತ್ತ ಮಹಡಿ ಮೇಲಿನ ಬಾಡಿಗೆ ಮನೆಗಳಿಗೆ ಜೈಪುರ, ಬನಾರಸ್ ಕಡೆಯಿಂದ ಕೆಲಸಕ್ಕೆ ಬಂದ ಹುಡುಗರಿಗೆ ತಮ್ಮೂರಿನ ಸರ್ಕಾರಿ ಪರವಾನಗಿಯ ಭಾಂಗ್ ಅಂಗಡಿ ನೆನಪಿದೆ. ಎಲ್ಲರೂ ತಮ್ಮ ತಮ್ಮ ಊರಿನ ಕಾನೂನನ್ನೇ ಮನಸ್ಸಿನಲ್ಲಿಟ್ಟುಕೊಂಡು ಓಡಾಡುತ್ತಿರುತ್ತಾರೆ.

ಗಿಡ ಒಂದೇ, ಲೆಕ್ಕ ಬೇರೆ

1985ರ ಮಾದಕ ದ್ರವ್ಯ ಕಾಯ್ದೆ, ಅಂದರೆ ಎಲ್ಲರೂ ಎನ್‌ಡಿಪಿಎಸ್ ಎಂದು ಕರೆಯುವ ಕಾನೂನು, ಗಿಡವನ್ನು ಇಡಿಯಾಗಿ ನೋಡುವುದಿಲ್ಲ, ಭಾಗ ಮಾಡಿ ನೋಡುತ್ತದೆ. ಗಿಡದಿಂದ ತೆಗೆದ ಅಂಟು ಚರಸ್. ಹೂವು ಅಥವಾ ಕಾಯಿ ಬಿಟ್ಟ ತುದಿ ಗಾಂಜಾ. ಇವೆರಡರಲ್ಲಿ ಯಾವುದನ್ನು ಬೆರೆಸಿ ಏನು ಮಾಡಿದರೂ, ಪಾನಕವಾದರೂ ಸರಿ, ಅದೂ ನಿಷಿದ್ಧ. ಆದರೆ ತುದಿಯ ಜೊತೆ ಸೇರಿರದ ಬೀಜ ಮತ್ತು ಎಲೆ ಗಾಂಜಾ ಎಂಬ ಮಾತಿನಿಂದ ಹೊರಗೆ. ಈ ಒಂದು ಸಾಲಿನ ಸಂದಿಯಲ್ಲೇ ಉತ್ತರಭಾರತದ ಭಾಂಗ್ ಅಂಗಡಿಯೂ ಆಯುರ್ವೇದದ ವಿಜಯಾ ಔಷಧಗಳೂ ಉಸಿರಾಡುತ್ತಿವೆ.

2022ರಲ್ಲಿ ನಮ್ಮ ಹೈಕೋರ್ಟಿನ ಮುಂದೆಯೇ ಈ ಮಾತು ಬಂತು. ಬೇಗೂರು ಪೊಲೀಸರು ಒಬ್ಬನಿಂದ 29 ಕೆ.ಜಿ. ಭಾಂಗ್ ಮತ್ತು ಸ್ವಲ್ಪ ಗಾಂಜಾ ಹಿಡಿದಿದ್ದರು. ನ್ಯಾಯಮೂರ್ತಿ ಕೆ. ನಟರಾಜನ್ ಜಾಮೀನು ಕೊಡುವಾಗ, ಭಾಂಗನ್ನು ಚರಸ್ ಅಥವಾ ಗಾಂಜಾ ಎಲೆಯಿಂದ ಮಾಡಿದ್ದೆಂದು ತೋರಿಸುವ ಪ್ರಯೋಗಾಲಯದ ವರದಿ ಇಲ್ಲವೆಂದೂ, ಉತ್ತರಭಾರತದಲ್ಲಿ ಲಸ್ಸಿ ಅಂಗಡಿಗಳಲ್ಲೇ ಅದನ್ನು ಮಾರುತ್ತಾರೆಂದೂ ಹೇಳಿದರು. "ಹೈಕೋರ್ಟೇ ಭಾಂಗ್‌ಗೆ ಪರವಾಗಿಲ್ಲ ಅಂದಿದೆ" ಎಂದು ಆಮೇಲೆ ವಾಟ್ಸಾಪ್‌ನಲ್ಲಿ ಹರಿದಾಡಿತು. ಆದರೆ ಅದು ಜಾಮೀನಿನ ಆದೇಶ. ಅಂಗಡಿ ತೆರೆಯಲು ಕೊಟ್ಟ ಪರವಾನಗಿ ಅಲ್ಲ. ಮೇಲಾಗಿ ಭಾಂಗ್ ಮಾರಾಟ ಆಯಾ ರಾಜ್ಯದ ಅಬಕಾರಿ ಕಾನೂನಿಗೆ ಸೇರಿದ್ದು. ಜೈಸಲ್ಮೇರಿನ ಅಂಗಡಿಯ ಪರವಾನಗಿ ಅಲ್ಲಿನ ಗಲ್ಲಾಪೆಟ್ಟಿಗೆ ದಾಟಿ ಬರುವುದಿಲ್ಲ. ಅಲ್ಲಿ ಕೊಂಡ ಉಂಡೆಯನ್ನು ಬ್ಯಾಗಿನಲ್ಲಿಟ್ಟುಕೊಂಡು ಯಶವಂತಪುರದಲ್ಲಿ ಇಳಿದರೆ, ಅದು ಬರೀ ಎಲೆಯೋ ಹೂವೂ ಸೇರಿದೆಯೋ ಎಂಬುದು ತೀರ್ಮಾನವಾಗುವುದು ಪ್ರಯೋಗಾಲಯದಲ್ಲಿ. ಅಲ್ಲಿಯವರೆಗೆ ನೀವು ಎಲ್ಲಿರುತ್ತೀರಿ ಎಂಬುದನ್ನು ಯೋಚಿಸಿಕೊಳ್ಳಿ.

ಇನ್ನೊಂದು ತಪ್ಪು ತಿಳಿವಳಿಕೆ ಕಾಲೇಜು ಹುಡುಗರಲ್ಲಿ ಬಲವಾಗಿದೆ: "ಒಂದು ಕೆ.ಜಿ. ಒಳಗಿದ್ರೆ ಏನೂ ಆಗಲ್ಲ ಅಂಕಲ್." ಆಗುತ್ತದೆ. ಗಾಂಜಾದಲ್ಲಿ 1 ಕೆ.ಜಿ.ವರೆಗೆ, ಚರಸ್‌ನಲ್ಲಿ 100 ಗ್ರಾಂವರೆಗೆ 'ಅಲ್ಪ ಪ್ರಮಾಣ' ಎಂದು ಕಾನೂನು ಕರೆಯುವುದು ಶಿಕ್ಷೆಯ ಮೆಟ್ಟಿಲು ಗುರುತಿಸಲು, ಮಾಫಿ ಮಾಡಲು ಅಲ್ಲ. ಆ ಮೆಟ್ಟಿಲಿಗೆ 1 ವರ್ಷದವರೆಗೆ ಕಠಿಣ ಸಜೆ, ಇಲ್ಲವೆ 10,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಗಾಂಜಾ 20 ಕೆ.ಜಿ. ದಾಟಿದರೆ ಕನಿಷ್ಠವೇ 10 ವರ್ಷ. ತಾರಸಿಯ ಕುಂಡದಲ್ಲಿ "ಔಷಧಕ್ಕೆ ಅಂತ ಒಂದೇ ಗಿಡ" ಬೆಳೆಸುವವರು ಇದಕ್ಕಿಂತ ದೊಡ್ಡ ಬಲೆಗೆ ಬೀಳುತ್ತಾರೆ. ಪರವಾನಗಿಯಿಲ್ಲದೆ ಬೆಳೆಸಿದ್ದಕ್ಕೆ 10 ವರ್ಷದವರೆಗೂ ಶಿಕ್ಷೆಯಿದೆ. ತುಳಸಿಯ ಪಕ್ಕದಲ್ಲಿತ್ತು ಎಂದರೆ ಯಾರೂ ಕೇಳುವುದಿಲ್ಲ.

ಯಾದಗಿರಿ ಜಿಲ್ಲೆಯ ತಿಂಥಣಿಯ ಮೌನೇಶ್ವರನ ಜಾತ್ರೆಯಲ್ಲಿ ಭಂಗಿಯೇ ಪ್ರಸಾದ. ಅವಧೂತ, ಆರೂಢ ಪರಂಪರೆಯ ಸಾಧಕರು ಅದನ್ನು ಧ್ಯಾನಕ್ಕೆ ನೆರವೆಂದು ಬಳಸಿದವರು. ಕಾನೂನಿಗೂ ನಂಬಿಕೆಗೂ ನಡುವಿನ ಆ ಕಥೆ ದೊಡ್ಡದು, ಇನ್ನೊಮ್ಮೆ ಬರೆಯುವಂಥದ್ದು. ಮಂಡಿನೋವಿನವರಿಗೆ ಅದರಿಂದ ದಾರಿ ಸಿಗುವುದಿಲ್ಲ.

ಇಲ್ಲಿ ಸಿಗುವುದು ಏನು, ಹೇಗೆ?

ಕರ್ನಾಟಕದಲ್ಲಿ ಡಾಕ್ಟರು ಚೀಟಿ ಬರೆದು ಗಾಂಜಾ ಹೂವು ಕೊಡಿಸುವ ವ್ಯವಸ್ಥೆಯೇ ಇಲ್ಲ. 'ಮೆಡಿಕಲ್ ಕಾರ್ಡ್' ಎಂಬುದೂ ಇಲ್ಲ. ಹಾಗೆ ಯಾರಾದರೂ ಕಾರ್ಡ್ ಮಾಡಿಸಿಕೊಡುತ್ತೇನೆಂದು ಹಣ ಕೇಳಿದರೆ ಅದು ಮೋಸ. ಇರುವ ದಾರಿ ಒಂದೇ, ವಿಜಯಾ ಎಲೆಯಿಂದ ಮಾಡಿದ ಆಯುರ್ವೇದ ಔಷಧ. ಎಣ್ಣೆ, ಮಾತ್ರೆ, ಚೂರ್ಣ, ಲೇಪ ಎಲ್ಲ ರೂಪದಲ್ಲೂ ಬಂದಿವೆ. 2020ರಲ್ಲಿ ಕೋರಮಂಗಲದಲ್ಲಿ ಇಂಥ ಔಷಧಗಳಿಗೆಂದೇ ಒಂದು ಚಿಕಿತ್ಸಾಲಯ ತೆರೆದಾಗ ಪತ್ರಿಕೆಗಳಲ್ಲಿ ದೊಡ್ಡ ಸುದ್ದಿಯಾಗಿತ್ತು. ಈಗ ಆನ್‌ಲೈನ್ ಕಂಪನಿಗಳು ವಿಡಿಯೊ ಕರೆಯಲ್ಲೇ ವೈದ್ಯರನ್ನು ತೋರಿಸಿ, ಚೀಟಿ ಬರೆಸಿ, ಮನೆಗೇ ಬಾಟಲಿ ಕಳಿಸುತ್ತವೆ.

ನನ್ನ ಸಲಹೆ, ಮೊದಲ ಸಲವಾದರೂ ಎದುರಿಗೆ ಕೂತು ನಾಡಿ ನೋಡುವ ವೈದ್ಯರ ಬಳಿಗೇ ಹೋಗಿ. ಆಯುರ್ವೇದ ಓದಿ ರಾಜ್ಯದ ಆಯುರ್ವೇದ-ಯುನಾನಿ ವೈದ್ಯ ಮಂಡಳಿಯಲ್ಲಿ ನೋಂದಣಿಯಾದವರು ಬೇಕು. ಚೀಟಿಯ ಮೇಲೆ ಅವರ ನೋಂದಣಿ ಸಂಖ್ಯೆ ಇದೆಯೇ ಎಂದು ನೋಡಿಕೊಳ್ಳಿ. ಖಾಸಗಿಯವರ ಫೀಸು ಭಾರವೆನಿಸಿದರೆ ಮೆಜೆಸ್ಟಿಕ್ ಹತ್ತಿರ ಧನ್ವಂತರಿ ರಸ್ತೆಯ ಜಯಚಾಮರಾಜೇಂದ್ರ ಸರ್ಕಾರಿ ಆಯುರ್ವೇದ ಆಸ್ಪತ್ರೆಯ ಹೊರರೋಗಿ ವಿಭಾಗವಿದೆ. ಅವರು ವಿಜಯಾವನ್ನೇ ಬರೆಯುತ್ತಾರೆಂದು ಹೊರಡಬೇಡಿ. ಬೇರೆ ಔಷಧ ಸಾಕು ಎಂದರೆ ಅದೂ ಒಳ್ಳೆಯ ಸುದ್ದಿಯೇ.

ಬಾಟಲಿ ಕೈಗೆ ಬಂದಾಗ ಕನ್ನಡಕ ಹಾಕಿಕೊಂಡು ಓದಿ. ಆಯುಷ್ ಉತ್ಪಾದನಾ ಪರವಾನಗಿಯ ಸಂಖ್ಯೆ, ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ತಾರೀಖು, 'ವಿಜಯಾ' ಎಂದಿರುವ ಕಡೆ ಎಲೆ ಎಂದು ಸ್ಪಷ್ಟವಾಗಿ ಹೇಳಿರುವುದು, ಪ್ರತಿ ಮಿಲಿಲೀಟರಿಗೆ ಟಿಎಚ್‌ಸಿ ಎಷ್ಟು, ಸಿಬಿಡಿ ಎಷ್ಟು ಎಂಬ ಲೆಕ್ಕ. ಟಿಎಚ್‌ಸಿ ಅಮಲು ಬರಿಸುವ ಅಂಶ, ಸಿಬಿಡಿ ಅಮಲು ಬರಿಸದ ಅಂಶ. ಎರಡರ ಲೆಕ್ಕವನ್ನೂ ಕೊಡದ ಕಂಪನಿಯ ಬಾಟಲಿಯನ್ನು ನಾನಂತೂ ಮುಟ್ಟುವುದಿಲ್ಲ. ಔಷಧ ನಿಯಮಗಳ ಅನುಬಂಧದಲ್ಲಿ ಭಾಂಗ್ ವಿಷದ್ರವ್ಯಗಳ ಪಟ್ಟಿಯಲ್ಲಿದೆ. ಹಾಗಾಗಿ ಹೊಟ್ಟೆಗೆ ತೆಗೆದುಕೊಳ್ಳುವ ಔಷಧವಾದರೆ 'ವೈದ್ಯರ ಮೇಲ್ವಿಚಾರಣೆಯಲ್ಲೇ ಸೇವಿಸಬೇಕು' ಎಂಬ ಎಚ್ಚರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಇರಲೇಬೇಕು. ಕನ್ನಡ ಮಾತ್ರ ಓದುವ ನಮ್ಮ ಅಜ್ಜಿಯರ ಪಾಡೇನು ಎಂದು ನಿಯಮ ಬರೆದವರು ಯೋಚಿಸಿದಂತಿಲ್ಲ. ಇನ್ನು 'ಕ್ಯಾನ್ಸರ್ ಗುಣ, ಸಕ್ಕರೆ ಕಾಯಿಲೆ ಮಾಯ, ಮೂರ್ಛೆರೋಗ ನಿರ್ಮೂಲ' ಎಂಬ ಜಾಹೀರಾತು ಕಂಡರೆ ಅಲ್ಲಿಂದ ಎದ್ದು ಬನ್ನಿ. ಈ ರೋಗಗಳಿಗೆ ಔಷಧವಿದೆ ಎಂದು ಜಾಹೀರಾತು ಕೊಡುವುದೇ 1954ರ ಕಾಯ್ದೆಯ ಪ್ರಕಾರ ಅಪರಾಧ.

ಚೀಟಿ ಮತ್ತು ಬಿಲ್ ಎರಡನ್ನೂ ಬಾಟಲಿಯ ಜೊತೆಗೇ ಇಡಿ, ಮೊಬೈಲಿನಲ್ಲಿ ಫೋಟೊ ಇದ್ದರೆ ಇನ್ನೂ ಒಳ್ಳೆಯದು. ಎಲೆಯ ಸತ್ವವನ್ನು ಎಷ್ಟರಮಟ್ಟಿಗೆ ಗಟ್ಟಿ ಮಾಡಬಹುದು ಎಂಬಲ್ಲಿ ಕಾನೂನಿನ ಮಾತು ಮಬ್ಬಾಗಿದೆ. ರಸ್ತೆಬದಿಯಲ್ಲಿ ತಡೆದ ಪೇದೆಗೆ ಎನ್‌ಡಿಪಿಎಸ್ ಕಲಂ ಓದಿ ಹೇಳುವುದಕ್ಕಿಂತ ಕಾಗದ ತೋರಿಸುವುದು ಸುಲಭ. ಔಷಧ ತೆಗೆದುಕೊಂಡ ಮೇಲೆ ಗಾಡಿ ಮುಟ್ಟಬೇಡಿ. ಮೋಟಾರು ವಾಹನ ಕಾಯ್ದೆಯ 185ನೇ ಕಲಂ ಮದ್ಯಕ್ಕಷ್ಟೇ ಅಲ್ಲ, ಮಾದಕ ವಸ್ತುವಿನ ಅಮಲಿಗೂ ಅನ್ವಯಿಸುತ್ತದೆ. ಟಿಎಚ್‌ಸಿ ಇರುವ ಎಣ್ಣೆ ತೆಗೆದುಕೊಂಡವರ ಮೂತ್ರಪರೀಕ್ಷೆಯಲ್ಲಿ ಅದು ಕಾಣಿಸಿಕೊಳ್ಳಬಹುದು. ಕಂಪನಿಯಲ್ಲಿ ಇಂಥ ಪರೀಕ್ಷೆ ಮಾಡುವ ಪದ್ಧತಿಯಿದ್ದರೆ ಮೊದಲೇ ತಿಳಿಸಿ.

ಸೂಪರ್‌ಮಾರ್ಕೆಟ್ಟಿನಲ್ಲಿ ಕಾಣುವ ಹೆಂಪ್ ಬೀಜ, ಹೆಂಪ್ ಎಣ್ಣೆಯ ಮಾತು ಬೇರೆ. ಆಹಾರ ಸುರಕ್ಷತಾ ಪ್ರಾಧಿಕಾರ 2021ರ ನವೆಂಬರಿನಲ್ಲಿ ಬೀಜ, ಬೀಜದ ಎಣ್ಣೆ, ಬೀಜದ ಹಿಟ್ಟನ್ನು ಆಹಾರವೆಂದು ಒಪ್ಪಿತು. ಕೆ.ಜಿ.ಗೆ 5 ಮಿಲಿಗ್ರಾಂಗಿಂತ ಹೆಚ್ಚು ಟಿಎಚ್‌ಸಿ ಇರಕೂಡದು. ಅದರ ಚಟ್ನಿಪುಡಿ ಮಾಡಿಕೊಂಡು ತಿಂದರೆ ಒಳ್ಳೆಯ ಪ್ರೋಟೀನು, ನೋವೇನೂ ಹೋಗುವುದಿಲ್ಲ. ಪೇಟೆಯ ಗ್ರಂಥಿಗೆ ಅಂಗಡಿಗಳಲ್ಲಿ ಬಿಡಿ ಎಲೆ ಕೇಳಬೇಡಿ. ಕೊಟ್ಟರೂ ಅದು ಬರೀ ಎಲೆಯೆಂಬುದಕ್ಕೆ ನಿಮ್ಮ ಬಳಿ ಸಾಕ್ಷಿ ಇರುವುದಿಲ್ಲ.

ಔಷಧವಾಗಿ ಎಷ್ಟು ಕೆಲಸ ಮಾಡುತ್ತದೆ? ಕೆಲವು ಅಪರೂಪದ ಮಕ್ಕಳ ಮೂರ್ಛೆರೋಗಗಳಿಗೆ ಶುದ್ಧ ಸಿಬಿಡಿ ಔಷಧವನ್ನು ಅಮೆರಿಕ 2018ರಲ್ಲಿ ಒಪ್ಪಿದೆ. ಕೀಮೋಥೆರಪಿಯ ವಾಕರಿಕೆ, ಮಲ್ಟಿಪಲ್ ಸ್ಕ್ಲೆರೋಸಿಸ್‌ನ ಸೆಳೆತ, ಇವಕ್ಕೂ ಸಾಕ್ಷಿಯಿದೆ. ಹಳೆಯ ನೋವಿನ ವಿಷಯದಲ್ಲಿ ತಜ್ಞರೇ ಒಮ್ಮತಕ್ಕೆ ಬಂದಿಲ್ಲ. ನೋವು ಕುರಿತ ಅಂತರರಾಷ್ಟ್ರೀಯ ವೈದ್ಯ ಸಂಘ 2021ರಲ್ಲಿ ಅದನ್ನು ಅನುಮೋದಿಸಲು ಒಪ್ಪಲಿಲ್ಲ. ಮನೆಯಲ್ಲಿ ಯಾರಿಗಾದರೂ ಚಿತ್ತವಿಕಲತೆಯ ಕಾಯಿಲೆ ಬಂದಿದ್ದರೆ ಟಿಎಚ್‌ಸಿ ಹತ್ತಿರ ಸುಳಿಯಬೇಡಿ. ವಯಸ್ಸಾದವರಿಗೆ ತಲೆಸುತ್ತು ಬಂದು ರಾತ್ರಿ ಬಚ್ಚಲಿಗೆ ಹೋಗುವಾಗ ಬೀಳುವ ಭಯ ಇನ್ನೂ ದೊಡ್ಡದು.

ಕ್ಯಾನ್ಸರ್ ರೋಗಿಗಳ ಮನೆಯವರು ಗುಟ್ಟಾಗಿ ಗಾಂಜಾ ಹುಡುಕುವುದನ್ನು ನಾನು ಕಂಡಿದ್ದೇನೆ. ನನ್ನ ಸೋದರಮಾವನ ಕಡೆಯ ತಿಂಗಳುಗಳಲ್ಲಿ ನಮ್ಮ ಮನೆಯಲ್ಲೇ ಆ ಮಾತು ಬಂದಿತ್ತು. ಆಗ ಯಾರೂ ಹೇಳದೆ ಹೋದದ್ದು ಇದು: ತೀವ್ರ ನೋವಿಗೆ ಕಾನೂನುಬದ್ಧವಾದ, ಅಗ್ಗವಾದ, ಪರೀಕ್ಷೆಗೆ ನಿಂತ ಔಷಧ ಮಾರ್ಫಿನ್. ಎನ್‌ಡಿಪಿಎಸ್ ಕಾಯ್ದೆಗೆ 2014ರಲ್ಲಿ ತಂದ ತಿದ್ದುಪಡಿಯಿಂದ, ಮಾನ್ಯತೆ ಪಡೆದ ಆಸ್ಪತ್ರೆಗಳು ರಾಜ್ಯಕ್ಕೊಂದು ರೀತಿಯ ಹಲವು ಪರವಾನಗಿಗಳ ಕಾಟವಿಲ್ಲದೆ ಅದನ್ನು ಇಟ್ಟುಕೊಂಡು ಕೊಡಬಹುದು. ಕಿದ್ವಾಯಿ ಸಂಸ್ಥೆಯಲ್ಲಿ ನೋವು ಶಮನಕ್ಕೆಂದೇ ವಿಭಾಗವಿದೆ. ಮಾರತಹಳ್ಳಿಯ ಕರುಣಾಶ್ರಯದಲ್ಲಿ ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳಿಗೆ ಹಣ ಪಡೆಯದೆ ಆರೈಕೆ ಮಾಡುತ್ತಾರೆ. ಮೊದಲು ಅಲ್ಲಿ ಕೇಳಿ.

ಇಷ್ಟರಲ್ಲಿ ಯಾರಾದರೂ ಸೇದುವ ಅಭ್ಯಾಸಕ್ಕೆ ಸಿಕ್ಕಿ ಹೊರಬರಲು ಒದ್ದಾಡುತ್ತಿದ್ದರೆ ನಿಮ್ಹಾನ್ಸ್‌ನ ವ್ಯಸನ ಚಿಕಿತ್ಸಾ ಕೇಂದ್ರವಿದೆ. ಅಲ್ಪ ಪ್ರಮಾಣದ ಪ್ರಕರಣದಲ್ಲಿ ಸಿಕ್ಕಿದ ವ್ಯಸನಿ ತಾನಾಗಿ ಚಿಕಿತ್ಸೆಗೆ ಬಂದರೆ ಮೊಕದ್ದಮೆಯಿಂದ ರಕ್ಷಣೆ ಕೊಡುವ 64ಎ ಕಲಂ ಅದೇ ಕಾಯ್ದೆಯಲ್ಲಿದೆ. ವಕೀಲರಲ್ಲೂ ಅದನ್ನು ನೆನಪಿಸುವವರು ಕಡಿಮೆ.

ಬರುವವರು, ಹೋಗುವವರು

ರಜಕ್ಕೆ ಊರಿಗೆ ಬರುವ ಅನಿವಾಸಿಗಳಿಗೆ ಹೇಳುವುದು ಚುಟುಕಾಗಿ ಮುಗಿಯುತ್ತದೆ. ಕ್ಯಾಲಿಫೋರ್ನಿಯಾದ ಕಾರ್ಡ್, ಕೆನಡಾದ ಡಾಕ್ಟರ ಪತ್ರ, ಜರ್ಮನಿಯ ಫಾರ್ಮಸಿ ಬಿಲ್ ಯಾವುದಕ್ಕೂ ಕೆಂಪೇಗೌಡ ವಿಮಾನನಿಲ್ದಾಣದಲ್ಲಿ ಬೆಲೆಯಿಲ್ಲ. ಟಿಎಚ್‌ಸಿ ಇರುವ ಮಿಠಾಯಿ, ಎಣ್ಣೆ, ವೇಪ್ ಯಾವುದನ್ನೂ ತರಬೇಡಿ, ಕೊರಿಯರ್‌ನಲ್ಲೂ ಕಳಿಸಬೇಡಿ. "ಡಬ್ಬಿಯಲ್ಲಿ ಸತ್ವ ಇರೋದೇ 100 ಮಿಲಿಗ್ರಾಂ" ಎಂಬ ಲೆಕ್ಕವೂ ಕೈಹಿಡಿಯದು. ಬೆರಕೆ ಮಾದಕದ ತೂಕ ಹಾಕುವಾಗ ಶುದ್ಧ ಅಂಶವಷ್ಟನ್ನೇ ಅಲ್ಲ, ಬೆರೆತದ್ದನ್ನೆಲ್ಲ ಸೇರಿಸಿಯೇ ಹಾಕಬೇಕೆಂದು 2020ರಲ್ಲಿ ಹೀರಾ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಬ್ಯಾಂಕಾಕ್‌ನಿಂದ ಬರುವ ಗಾಂಜಾ ನಮ್ಮ ವಿಮಾನನಿಲ್ದಾಣದಲ್ಲಿ ಮತ್ತೆ ಮತ್ತೆ ಸಿಕ್ಕಿಬಿದ್ದ ಮೇಲೆ ಕಸ್ಟಮ್ಸ್‌ನವರ ಕಣ್ಣು ಇನ್ನೂ ಚುರುಕಾಗಿದೆ. ಥಾಯ್ಲೆಂಡ್ 2022ರಲ್ಲಿ ನಿಷೇಧ ತೆಗೆದು ಕೈಸುಟ್ಟುಕೊಂಡು 2025ರ ಜೂನ್‌ನಲ್ಲಿ ಹೂವಿಗೆ ಮತ್ತೆ ವೈದ್ಯರ ಚೀಟಿ ಕಡ್ಡಾಯ ಮಾಡಿದೆ ಎಂಬುದೂ ಪ್ರವಾಸ ಹೋಗುವವರ ಗಮನದಲ್ಲಿರಲಿ.

ಇಲ್ಲಿಂದ ಹೋಗುವವರೂ ಅಷ್ಟೇ. ಬಸವನಗುಡಿಯಲ್ಲಿ ಚೀಟಿ ಸಮೇತ ಕೊಂಡ ವಿಜಯಾ ಎಣ್ಣೆ ವಿಮಾನ ಹತ್ತಿದ ಕೂಡಲೇ ಕಾಗದ ಕಳೆದುಕೊಂಡ ಸರಕು. ಅಮೆರಿಕಕ್ಕೆ ಹೋಗುವ ನಮ್ಮ ಹಿರಿಯರಲ್ಲಿ ಹಲವರು ದುಬೈ, ದೋಹಾ, ಅಬುಧಾಬಿ ದಾಟಿಯೇ ಹೋಗುತ್ತಾರೆ. ಆ ದೇಶಗಳು ಈ ವಿಷಯದಲ್ಲಿ ಎಷ್ಟು ಕಠಿಣವೆಂಬುದು ಗೊತ್ತಿರುವುದೇ. ಸಿಂಗಪುರದ ಪ್ರಜೆಯೋ ಕಾಯಂ ನಿವಾಸಿಯೋ ಆದ ಮಗ ಬೇರೆ ದೇಶದಲ್ಲಿ ಸೇದಿ ಬಂದರೂ ಅಲ್ಲಿನ ಕಾನೂನು ಊರಲ್ಲೇ ಸೇದಿದಂತೆ ನೋಡುತ್ತದೆ.

ಅಮೆರಿಕದ್ದು ಎರಡು ಮಾಳಿಗೆಯ ಮನೆ. ಕೆಳಮಾಳಿಗೆಯಲ್ಲಿ ರಾಜ್ಯಗಳು. ಕ್ಯಾಲಿಫೋರ್ನಿಯಾ 1996ರಲ್ಲೇ ಔಷಧಕ್ಕೆ ಬಾಗಿಲು ತೆರೆಯಿತು, 2018ರ ಜನವರಿಯಿಂದ 21 ದಾಟಿದ ಯಾರು ಬೇಕಾದರೂ ಗುರುತಿನ ಚೀಟಿ ತೋರಿಸಿ ಅಂಗಡಿಯಲ್ಲಿ ಕೊಳ್ಳಬಹುದು. ನ್ಯೂಜೆರ್ಸಿಯಲ್ಲಿ 2022ರ ಏಪ್ರಿಲ್‌ನಿಂದ ಹಾಗೆ. ಇಂಥ ರಾಜ್ಯಗಳಲ್ಲಿ ಪ್ರವಾಸಿಯ ಪಾಸ್‌ಪೋರ್ಟೂ ನಡೆಯುತ್ತದೆ. ಔಷಧದ ಕಾರ್ಡು ಮಾತ್ರ ಹೆಚ್ಚಿನ ಕಡೆ ಆ ರಾಜ್ಯದ ನಿವಾಸಿಗಳಿಗೇ. ಕೆಲಸ ಬದಲಿಸಿ ರಾಜ್ಯ ಬದಲಿಸಿದವರು ಹೊಸ ವಿಳಾಸದ ಗುರುತಿನ ಚೀಟಿ ಮಾಡಿಸಿ, ಅಲ್ಲಿನ ವೈದ್ಯರನ್ನು ಕಂಡು, ಮೊದಲಿನಿಂದ ಅರ್ಜಿ ಹಾಕಬೇಕು. ನೆವಾಡ ಬೇರೆ ರಾಜ್ಯದ ಕಾರ್ಡನ್ನು ಒಪ್ಪುತ್ತದೆ, ಓಕ್ಲಹೋಮ ತಾತ್ಕಾಲಿಕ ಪರವಾನಗಿ ಕೊಡುತ್ತದೆ. ಟೆಕ್ಸಾಸ್‌ನಲ್ಲಿ 2015ರಿಂದ ಇರುವುದು ಬಿಗಿಯಾದ ಯೋಜನೆ, ಅಲ್ಲಿನ ಕಾಯಂ ನಿವಾಸಿಗಳಿಗೆ ಮಾತ್ರ. ಹಳೆಯ ರಾಜ್ಯದ ದಾಸ್ತಾನನ್ನು ಕಾರಿನಲ್ಲಿ ತುಂಬಿಕೊಂಡು ಗಡಿ ದಾಟುವುದು ಎರಡೂ ಕಡೆ ಕಾನೂನುಬದ್ಧವಾಗಿದ್ದರೂ ಅಪರಾಧ.

ಏಕೆಂದರೆ ಮೇಲ್ಮಾಳಿಗೆಯಲ್ಲಿ ಒಕ್ಕೂಟ ಸರ್ಕಾರ ಕೂತಿದೆ, ವೀಸಾ ಕೊಡುವವರು ಅವರು. ಗಾಂಜಾವನ್ನು ಅತಿ ಕಠಿಣ ಪಟ್ಟಿಯಿಂದ ಇಳಿಸುವ ಪ್ರಸ್ತಾಪ 2024ರಲ್ಲಿ ಬಂದಿತಾದರೂ, ಪಟ್ಟಿ ಬದಲಾದ ಮಾತ್ರಕ್ಕೆ ವಲಸೆ ಅಧಿಕಾರಿಗಳ ಕಣ್ಣಿಗೆ ಅದು ಮಾಮೂಲು ಮಾತ್ರೆಯಾಗುವುದಿಲ್ಲ. ಎಚ್-1ಬಿ, ವಿದ್ಯಾರ್ಥಿ ವೀಸಾ, ಪ್ರವಾಸಿ ವೀಸಾ, ಗ್ರೀನ್ ಕಾರ್ಡ್ ಎಲ್ಲದಕ್ಕೂ ಇದು ಅನ್ವಯ. ಶಿಕ್ಷೆಯೇ ಆಗಿರಬೇಕೆಂದಿಲ್ಲ, "ಹೌದು, ತೆಗೆದುಕೊಂಡಿದ್ದೆ" ಎಂಬ ಒಪ್ಪಿಗೆಯೇ ಪ್ರವೇಶ ನಿರಾಕರಣೆಗೆ ಸಾಲುತ್ತದೆ. ಗ್ರೀನ್ ಕಾರ್ಡ್‌ನ ವೈದ್ಯಕೀಯ ತಪಾಸಣೆಯಲ್ಲಿ ಮಾದಕ ಸೇವನೆಯ ಪ್ರಶ್ನೆಯಿದೆ. ರಾಜ್ಯದ ಕಾನೂನು ಒಪ್ಪಿದ್ದರೂ ಸೇವನೆ ಪೌರತ್ವಕ್ಕೆ ಬೇಕಾದ ಸನ್ನಡತೆಗೆ ಅಡ್ಡಿಯಾಗಬಹುದೆಂದು, ಆ ಉದ್ಯಮದಲ್ಲಿ ಕೆಲಸ ಮಾಡಿದರೂ ತೊಡಕೆಂದು ಅಲ್ಲಿನ ವಲಸೆ ಇಲಾಖೆ 2019ರಲ್ಲೇ ಬರೆದಿಟ್ಟಿದೆ. ಸುಳ್ಳು ಹೇಳುವುದು ಇನ್ನೊಂದು ಅಪರಾಧ. ಆದ್ದರಿಂದ ಪೌರತ್ವ ಸಿಗುವವರೆಗೆ ದೂರವಿರುವುದು, ನಿಜವಾಗಿ ಬೇಕೇಬೇಕಾದ ರೋಗಿಯಾಗಿದ್ದರೆ ಮೊದಲು ವಲಸೆ ವಕೀಲರನ್ನು ಕಾಣುವುದು, ಇಷ್ಟೇ ದಾರಿ. ಫೋನಿನಲ್ಲಿ ಡಬ್ಬಿಯ ಫೋಟೊ, "ಅಮ್ಮಂಗೆ ಇವತ್ತೂ ಅರ್ಧ ಕೊಡು" ಎಂಬ ಸಂದೇಶ ಇಟ್ಟುಕೊಂಡು ವಿಮಾನ ಹತ್ತುವವರಿಗೆ ಇದು ಹೊಳೆದೇ ಇರುವುದಿಲ್ಲ.

ಇಂಗ್ಲೆಂಡಿನಲ್ಲಿ 2018ರ ನವೆಂಬರಿನಿಂದ ತಜ್ಞ ವೈದ್ಯರು ಬರೆಯಬಹುದು, ಆದರೆ ಸರ್ಕಾರಿ ಆಸ್ಪತ್ರೆಯಲ್ಲಿ ಸಿಗುವುದು ಅಪರೂಪ. ಜರ್ಮನಿಯಲ್ಲಿ 2017ರಿಂದ ಚೀಟಿಯ ಮೇಲೆ ಔಷಧದಂಗಡಿಯಲ್ಲೇ ಸಿಗುತ್ತದೆ. 2024ರಲ್ಲಿ ಬಂದ ಗಾಂಜಾ ಕ್ಲಬ್ಬುಗಳಿಗೆ ಕನಿಷ್ಠ ಆರು ತಿಂಗಳು ಅಲ್ಲಿ ನೆಲೆಸಿದವರಷ್ಟೇ ಸದಸ್ಯರಾಗಬಹುದು.

ಅಜ್ಜಿಗೆ ಇದನ್ನೆಲ್ಲ ಬೆಂಚಿನ ಮೇಲೆ ಹೇಳಿ ಮುಗಿಸುವ ಹೊತ್ತಿಗೆ ಕತ್ತಲಾಗಿತ್ತು. ಮರುವಾರ ಅವರ ಜೊತೆ ಆಯುರ್ವೇದ ವೈದ್ಯರೊಬ್ಬರ ಬಳಿಗೆ ನಾನೇ ಹೋದೆ. ವೈದ್ಯರು ಮಂಡಿ ಮುಟ್ಟಿ ನೋಡುವ ಮೊದಲು ದಿನಾ ನುಂಗುವ ಮಾತ್ರೆಗಳ ಪಟ್ಟಿ ಕೇಳಿದರು. ಅಜ್ಜಿ ಸೆರಗಿನ ಗಂಟಿನಿಂದ ಮಡಚಿದ ಚೀಟಿ ತೆಗೆದರು. ಅದರಲ್ಲಿ ಹೃದಯದ ತೊಂದರೆಗೆ ಕೊಟ್ಟ, ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ಇತ್ತು. ವೈದ್ಯರು ಪೆನ್ನು ಕೆಳಗಿಟ್ಟರು. ಭಂಗಿಯ ಸತ್ವ ಆ ಮಾತ್ರೆಯ ಬಲ ಹೆಚ್ಚಿಸಿ ರಕ್ತಸ್ರಾವ ತರಬಲ್ಲದು.

"ಅಮ್ಮಾ, ಅಲ್ಲಿ ಮಿಠಾಯಿ ತಿಂತಿದ್ದ ಆರು ತಿಂಗಳಲ್ಲಿ ರಕ್ತಪರೀಕ್ಷೆ ಎಷ್ಟು ಸಲ ಮಾಡಿಸಿದ್ರಿ?"

ಅಜ್ಜಿ ನನ್ನ ಮುಖ ನೋಡಿದರು. ಆಮೇಲೆ ನಿಧಾನವಾಗಿ, "ಮಗನಿಗೆ ಫೋನ್ ಹಚ್ಚು" ಅಂದರು.